ಟ್ರಿಬ್ಯೂನಲ್ ಅಂದರೆ ಏನು? ಕೋರ್ಟಿನ ಹೊರಗೆ ರೈತನ ವ್ಯಾಜ್ಯ ತೀರುವ ಬಗೆ

ರೈತನ ವ್ಯಾಜ್ಯ ಅಂದರೆ ಕೋರ್ಟು, ಕೋರ್ಟು ಅಂದರೆ ಕರಿಕೋಟು, ವಾಯಿದೆ ಮೇಲೆ ವಾಯಿದೆ. ನಮ್ಮಲ್ಲಿ ಬಹಳ ಜನರ ತಿಳಿವಳಿಕೆ ಇಷ್ಟೇ. ಆದರೆ ಸಣ್ಣ ರೈತನ ಜಮೀನಿನ ದೊಡ್ಡ ದೊಡ್ಡ ತೀರ್ಮಾನಗಳು ಆಗಿರುವುದು ಸಿವಿಲ್ ಕೋರ್ಟಿನಲ್ಲಿ ಅಲ್ಲ. ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ, ಎ.ಸಿ. ಸಾಹೇಬರ ಮುಂದೆ, ಸೊಸೈಟಿ ರಿಜಿಸ್ಟ್ರಾರರ ಮೇಜಿನ ಮುಂದೆ ಆಗಿವೆ. ಇವಕ್ಕೆಲ್ಲ ಬೇರೆ ಬೇರೆ ಹೆಸರು. ನ್ಯಾಯಮಂಡಳಿ, ಪ್ರಾಧಿಕಾರ, ಆಯೋಗ, ರೆವಿನ್ಯೂ ಕೋರ್ಟು. ನಾವು ಒಟ್ಟಾಗಿ ಟ್ರಿಬ್ಯೂನಲ್ ಅನ್ನುತ್ತೇವೆ.

ಯಲಹಂಕದ ಸುತ್ತಮುತ್ತ ಈ ವಿಷಯ ತಿಳಿದಿರಲೇಬೇಕಾದ ಕಾಲ ಇದು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ರಾಗಿ ಹೊಲಕ್ಕೆ ಚಿನ್ನದ ಬೆಲೆ ಬಂತು. ಬೆಲೆ ಬಂದಾಗ ಹಳೇ ಕಾಗದಗಳಿಗೂ ಜೀವ ಬರುತ್ತದೆ. ಐವತ್ತು ವರ್ಷ ಉತ್ತ ಹೊಲದ ಮೇಲೆ ಯಾರದೋ ಮೊಮ್ಮಗ ಬಂದು 'ಇದು ನಮ್ಮ ತಾತನದು' ಅನ್ನುತ್ತಾನೆ. ಆಗ ನಮ್ಮನ್ನು ಕಾಯುವುದು ಟ್ರಿಬ್ಯೂನಲ್ಲಿನ ಒಂದು ಆದೇಶದ ನಕಲು. ಅದು ಇದ್ದರೆ ಹೊಲ ಉಂಟು, ಇಲ್ಲದಿದ್ದರೆ ಅಲೆದಾಟ.

ಕೋರ್ಟಿಗೂ ಇದಕ್ಕೂ ಏನು ವ್ಯತ್ಯಾಸ?

ಸಿವಿಲ್ ಕೋರ್ಟು ಸಂತೆ ಇದ್ದ ಹಾಗೆ, ಎಲ್ಲ ಬಗೆಯ ದಾವೆಯೂ ಅಲ್ಲಿಗೆ ಬರುತ್ತದೆ. ಟ್ರಿಬ್ಯೂನಲ್ ಒಂದೇ ಸಾಮಾನಿನ ಅಂಗಡಿ. ಯಾವ ಕಾಯ್ದೆ ಅದನ್ನು ಹುಟ್ಟಿಸಿದೆಯೋ ಆ ಕಾಯ್ದೆಯ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆ ಅದು ತೀರ್ಮಾನಿಸುವಂತಿಲ್ಲ. ಎರಡನೆಯದು, ಅಲ್ಲಿ ಕೂರುವವರು ಜಡ್ಜಿಯೇ ಆಗಿರಬೇಕೆಂದಿಲ್ಲ. ಕಂದಾಯ ಅಧಿಕಾರಿ ಇರಬಹುದು, ವಿಷಯ ಬಲ್ಲವರು ಇರಬಹುದು, ಊರಿನ ಕಡೆಯವರೂ ಇರಬಹುದು. ಮೂರನೆಯದು, ವಿಚಾರಣೆಯ ಕ್ರಮ ಸರಳ. ಹಾಗಂತ ಮನಸ್ಸಿಗೆ ಬಂದ ಹಾಗೆ ಅಲ್ಲ. ಎದುರುಪಾರ್ಟಿಗೆ ನೋಟೀಸು ಕೊಡಬೇಕು, ಇಬ್ಬರ ಮಾತೂ ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ಆದೇಶ ಮೇಲೆ ನಿಲ್ಲುವುದು ಕಷ್ಟ.

ಸಂವಿಧಾನಕ್ಕೆ 1976ರಲ್ಲಿ ಮಾಡಿದ 42ನೇ ತಿದ್ದುಪಡಿಯಲ್ಲಿ 323-ಬಿ ಅನ್ನುವ ಕಲಂ ಸೇರಿತು. ತೆರಿಗೆ, ಭೂಸುಧಾರಣೆ ಮುಂತಾದ ವಿಷಯಕ್ಕೆ ಟ್ರಿಬ್ಯೂನಲ್ ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತದೆ. 1997ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಇನ್ನೊಂದು ಮಾತು ಗಟ್ಟಿಮಾಡಿತು. ಯಾವ ಟ್ರಿಬ್ಯೂನಲ್ ಆದರೂ ಹೈಕೋರ್ಟಿನ ರಿಟ್ ಅಧಿಕಾರದಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಂದರೆ ಟ್ರಿಬ್ಯೂನಲ್ ಎಷ್ಟೇ ದೊಡ್ಡದಾಗಲಿ, ಅದರ ಮೇಲೆ ಹೈಕೋರ್ಟಿನ ಕಣ್ಣು ಇದ್ದೇ ಇರುತ್ತದೆ.

ನಮ್ಮೆಲ್ಲರ ಭೂ ನ್ಯಾಯಮಂಡಳಿ

ಕರ್ನಾಟಕದ ರೈತನಿಗೆ ಟ್ರಿಬ್ಯೂನಲ್ ಅಂದರೆ ಮೊದಲು ನೆನಪಾಗುವುದು ಭೂ ನ್ಯಾಯಮಂಡಳಿ. ಭೂಸುಧಾರಣೆ ಕಾಯ್ದೆ 1961ರದು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ. ಅದರಲ್ಲಿ ಗೇಣಿದಾರನಿಗೆ ಹೆಚ್ಚು ಬಲ ಇರಲಿಲ್ಲ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಅಲ್ಲಿ ಗೇಣಿದಾರನಾಗಿ ಉಳುತ್ತಿದ್ದವನು ಅಧಿಭೋಗದಾರನಾಗಿ ನೋಂದಾಯಿಸಿಕೊಳ್ಳಲು ಹಕ್ಕು ಪಡೆದ. ಮಾಲೀಕನಿಗೆ ಪರಿಹಾರ, ಗೇಣಿದಾರನಿಗೆ ಹೊಲ. 'ಉಳುವವನೇ ಹೊಲದೊಡೆಯ' ಅನ್ನುವ ಘೋಷಣೆಯ ಹಿಂದಿನ ಕಾನೂನು ಇದೇ.

ಉಳುತ್ತಿದ್ದವನು ಯಾರು ಅನ್ನುವುದೇ ಜಗಳವಾದರೆ? ಅದನ್ನು ಸಿವಿಲ್ ಕೋರ್ಟಿಗೆ ಬಿಟ್ಟಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಅದಕ್ಕೇ 48ನೇ ಕಲಮಿನ ಪ್ರಕಾರ ತಾಲ್ಲೂಕುಗಳಿಗೆ ನ್ಯಾಯಮಂಡಳಿ ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು. ಗೇಣಿ ಪ್ರಶ್ನೆ ಸಿವಿಲ್ ಕೋರ್ಟಿನಲ್ಲಿ ಎದ್ದರೂ ಕೋರ್ಟು ಅದನ್ನು ತಾನೇ ತೀರ್ಮಾನಿಸದೆ ನ್ಯಾಯಮಂಡಳಿಗೆ ಕಳಿಸಬೇಕು ಎಂದು ಕಾಯ್ದೆ ಹೇಳಿತು.

ಗೇಣಿದಾರ ಹಾಕಬೇಕಾದ ಅರ್ಜಿಯೇ ಫಾರಂ 7. ಗಡುವನ್ನು ಹಲವು ಸಲ ಮುಂದೆ ಹಾಕಿ ಕೊನೆಗೆ 1979ರ ಜೂನ್ 30ಕ್ಕೆ ಮುಗಿಸಿದರು. ರಾಜ್ಯದಲ್ಲಿ ಲಕ್ಷ ಲಕ್ಷ ಅರ್ಜಿ ಬಂದವು. ಅರ್ಜಿ ಬಂದ ಮೇಲೆ ಊರಿನಲ್ಲಿ ಪ್ರಕಟಣೆ, ಮಾಲೀಕನಿಗೂ ಹಿತಾಸಕ್ತಿ ಇರುವ ಇತರರಿಗೂ ನೋಟೀಸು. ಯಾರೂ ತಕರಾರು ಮಾಡದಿದ್ದರೆ ಪರಿಶೀಲಿಸಿ ಆದೇಶ. ತಕರಾರು ಬಂದರೆ ವಿಚಾರಣೆ, ಸಾಕ್ಷಿ, ದಾಖಲೆ, ಆಮೇಲೆ ಆದೇಶ. ಆದೇಶ ರೈತನ ಪರವಾದರೆ, ಕಟ್ಟಬೇಕಾದ್ದು ಕಟ್ಟಿದ ಮೇಲೆ ಫಾರಂ 10, ಅಂದರೆ ಅಧಿಭೋಗದ ಸರ್ಟಿಫಿಕೇಟು. ಅದರಿಂದ ಪಹಣಿಗೆ ಹೆಸರು.

ಮಂಡಳಿ ನೋಡುತ್ತಿದ್ದದ್ದು ಏನು?

ಪ್ರಶ್ನೆ ಒಂದೇ. 1974ರ ಮಾರ್ಚ್ 1ಕ್ಕೆ ಮುಂಚೆ ಈ ಮನುಷ್ಯ ಈ ಹೊಲವನ್ನು ಗೇಣಿದಾರನಾಗಿ ಉಳುತ್ತಿದ್ದನೇ ಇಲ್ಲವೇ? ಮಾಲೀಕನ ಮನೆಯವನಾದರೆ ಗೇಣಿದಾರನಲ್ಲ. ಕೂಲಿಗೆ ದುಡಿದವನೂ ಅಲ್ಲ. ಹಾಗಾಗಿ ಬಹುಪಾಲು ಕೇಸಿನಲ್ಲಿ ಮಾಲೀಕರ ವಾದ ಒಂದೇ ಇರುತ್ತಿತ್ತು. 'ಅವನು ನಮ್ಮ ಕೂಲಿ ಆಳು.'

ಮೊದಲ ದಾಖಲೆ ಪಹಣಿ. ಅದರ 9ನೇ ಕಾಲಮಿನಲ್ಲಿ ಮಾಲೀಕನ ಹೆಸರು, 12(2)ನೇ ಕಾಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. ಪಹಣಿಯಲ್ಲಿ ಇರುವುದು ಸುಳ್ಳೆಂದು ತೋರಿಸುವ ತನಕ ಅದನ್ನು ನಿಜವೆಂದೇ ತಿಳಿಯಬೇಕು ಎಂದು ಭೂಕಂದಾಯ ಕಾಯ್ದೆ ಹೇಳುತ್ತದೆ. ಆದರೆ ಆ ಕಾಲದಲ್ಲಿ ಬಹಳ ಗೇಣಿ ಬಾಯಿಮಾತಿನದು. ನಮ್ಮ ಕಡೆ 'ವಾರಕ್ಕೆ ಮಾಡೋದು' ಅಂತಿದ್ದರು. ಕಣದಲ್ಲೇ ರಾಗಿ ರಾಶಿ ಎರಡು ಪಾಲು, ರಸೀದಿ ಇಲ್ಲ, ಕರಾರು ಇಲ್ಲ. ಹಾಗಾಗಿ ಸಾಕ್ಷಿಯ ಮಾತಿಗೆ ತೂಕ ಇತ್ತು.

ನಮ್ಮ ತಂದೆಯವರು ಎರಡು ಎಕರೆ ಹತ್ತು ಗುಂಟೆಗೆ ಫಾರಂ 7 ಹಾಕಿದ್ದರು. ವಿಚಾರಣೆಗೆ ಬಂದದ್ದು 1982ರಲ್ಲಿ. ನಾನು ಏಳನೇ ಕ್ಲಾಸು, ಕಾಗದದ ಚೀಲ ಹೊತ್ತು ಜೊತೆಗೆ ಹೋಗಿದ್ದೆ. ಮಾಲೀಕರ ಕಡೆಯವರು ಕೂಲಿ ಎಂದೇ ಹೇಳಿದರು. ಪಹಣಿಯಲ್ಲಿ ಒಂದು ವರ್ಷ ತಂದೆಯ ಹೆಸರು, ಇನ್ನೊಂದು ವರ್ಷ 'ಸ್ವಂತ' ಎಂದಿತ್ತು. ಆಗ ಸಾಕ್ಷಿಗೆ ನಿಂತವರು ಊರಿನ ಬಡಗಿ. ಸದಸ್ಯರೊಬ್ಬರು 'ಈ ಹೊಲದ ಆಯ ನಿಮಗೆ ಯಾರು ಕೊಡ್ತಿದ್ರು?' ಎಂದು ಕೇಳಿದರು. 'ಇವರೇ ಸ್ವಾಮಿ, ವರ್ಷವರ್ಷ ಕಣದಲ್ಲೇ ಅಳೆದು ಕೊಡ್ತಿದ್ರು' ಎಂದರು ಬಡಗಿ. ನೇಗಿಲು ಕುಂಟೆ ಮಾಡಿಕೊಟ್ಟದ್ದಕ್ಕೆ ಆಯ ಕೊಡುವವನು ಬೇಸಾಯ ಮಾಡುವವನು. ಕೂಲಿ ಆಳು ಆಯ ಕೊಡುವುದಿಲ್ಲ. ಊರು ಬಲ್ಲ ಸದಸ್ಯರಿಗೆ ಈ ಮಾತು ಸಾಕಾಯಿತು. ಊರಿನ ಕಡೆಯವರನ್ನು ಮಂಡಳಿಯಲ್ಲಿ ಕೂರಿಸಿದ್ದರ ಉಪಯೋಗ ನನಗೆ ಗೊತ್ತಾದದ್ದು ಅಲ್ಲಿ. ಈ ಪ್ರಶ್ನೆ ಕಾನೂನು ಪುಸ್ತಕದಲ್ಲಿ ಸಿಗುವುದಿಲ್ಲ.

ಬೇಗ ಮುಗಿಯಿತೇ?

ಟ್ರಿಬ್ಯೂನಲ್ ಅಂದರೆ ಬೇಗ ಮುಗಿಯುತ್ತದೆ ಅನ್ನುವುದು ಅರ್ಧ ನಿಜ. ತಂದೆಯವರ ಪರ ಆದೇಶವಾಯಿತು. ಆದರೆ ಮಾಲೀಕರ ವಾರಸುದಾರರಲ್ಲಿ ಒಬ್ಬರಿಗೆ ನೋಟೀಸು ಮುಟ್ಟಿರಲಿಲ್ಲ. ಅದೇ ಒಂದು ಕಾರಣಕ್ಕೆ ಆದೇಶ ರದ್ದಾಗಿ ಮರುವಿಚಾರಣೆಗೆ ವಾಪಸು ಬಂತು. ಕೊನೆಯ ಆದೇಶ ಕೈಗೆ ಸಿಕ್ಕಿದ್ದು 1991ರಲ್ಲಿ. ಹೊಲದಲ್ಲಿ ನಾವೇ ಇದ್ದೆವು ನಿಜ. ಆದರೆ ಪಹಣಿ ನಮ್ಮ ಹೆಸರಿಗಿಲ್ಲದೆ ಬ್ಯಾಂಕಿನ ಸಾಲ ಸಿಗಲಿಲ್ಲ, ಬಾವಿ ತೋಡಲಿಲ್ಲ. ಮಳೆ ನಂಬಿದ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಇಷ್ಟರಲ್ಲೇ ಕಾಲ ಹೋಯಿತು.

ಎಲ್ಲರಿಗೂ ಹೀಗಾಗಲು ಕಾರಣ ಇತ್ತು. ಮೊದಲು ಮಂಡಳಿಯ ಆದೇಶದ ಮೇಲೆ ಅಪೀಲೇ ಇರಲಿಲ್ಲ, ನೇರ ಹೈಕೋರ್ಟಿಗೆ ರಿಟ್. ಹೈಕೋರ್ಟಿನಲ್ಲಿ ರಾಶಿ ಬಿತ್ತು. 1986ರ ತಿದ್ದುಪಡಿಯಿಂದ ಜಿಲ್ಲೆಗಳಲ್ಲಿ ಮೇಲ್ಮನವಿ ಪ್ರಾಧಿಕಾರ ಬಂತು, ಬಾಕಿ ರಿಟ್‌ಗಳು ಅಲ್ಲಿಗೆ ಹೋದವು. 1990ರಲ್ಲಿ ಅದನ್ನೂ ತೆಗೆದು ಮತ್ತೆ ಹೈಕೋರ್ಟೇ ಆಯಿತು. ಕಡತ ಹೋಗಿ ಬರುವುದರಲ್ಲೇ ವರ್ಷಗಳು ಕಳೆದವು.

ವಕೀಲರ ವಿಷಯವೂ ಒಂದಿದೆ. ಬಡ ಗೇಣಿದಾರ ವಕೀಲನನ್ನು ಇಡಲಾರ, ಮಾಲೀಕ ದೊಡ್ಡ ವಕೀಲನನ್ನು ತರುತ್ತಾನೆ, ಆದ್ದರಿಂದ ಯಾರಿಗೂ ವಕೀಲರು ಬೇಡ ಎಂದು ಕಾಯ್ದೆಯಲ್ಲೇ ಬರೆದಿದ್ದರು. 1987ರಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ವಕೀಲರನ್ನು ತಡೆಯುವ ಆ ಒಂದು ಉಪಕಲಂ ಮಾತ್ರ ಕೇಂದ್ರದ ವಕೀಲರ ಕಾಯ್ದೆಗೆ ವಿರುದ್ಧ, ನಿಲ್ಲುವುದಿಲ್ಲ ಎಂದಿತು.

ಈಗಿನ ಸ್ಥಿತಿ

ಹಳೇ ಬಾಕಿ ಕೇಸು, ಹೈಕೋರ್ಟಿನಿಂದ ಮರುವಿಚಾರಣೆಗೆ ಬಂದ ಕೇಸುಗಳಿಗಾಗಿ ಭೂ ನ್ಯಾಯಮಂಡಳಿ ಇಂದಿಗೂ ಇದೆ. ಆದರೆ ಹೊಸದಾಗಿ ಫಾರಂ 7 ಹಾಕುವ ಹಾಗಿಲ್ಲ. 'ನಿಮ್ಮಪ್ಪ ಹಾಕಿಲ್ವಾ, ಈಗ ಹಾಕ್ಸಿಕೊಡ್ತೀನಿ, ಇಷ್ಟು ಖರ್ಚಾಗುತ್ತೆ' ಎಂದು ಯಾರಾದರೂ ಬಂದರೆ ಟೀ ಕುಡಿಸಿ ಕಳಿಸಿ, ದುಡ್ಡು ಕೊಡಬೇಡಿ. 1998ರಲ್ಲಿ 77-ಎ ಕಲಂ ಸೇರಿಸಿ, ಫಾರಂ 7 ಹಾಕದೆ ಉಳಿದ ಸಣ್ಣ ಗೇಣಿದಾರರಿಗೆ ಎರಡು ಹೆಕ್ಟೇರಿನ ಮಿತಿಯಲ್ಲಿ ಫಾರಂ 7-ಎ ಎಂದು ಒಂದು ಅವಕಾಶ ಕೊಟ್ಟಿದ್ದರು. ಅದರ ಗಡುವೂ ಮುಗಿದಿದೆ.

ಇನ್ನೊಂದು ಗಮನಿಸಿ. ಮಂಡಳಿ ಕೊಟ್ಟ ಜಮೀನನ್ನು ಕೊನೆಯ ಆದೇಶದ ದಿನದಿಂದ 15 ವರ್ಷ ಮಾರುವಂತಿಲ್ಲ. ಮಾರಿದ್ದರೆ ಆ ಕ್ರಯಕ್ಕೆ ಬೆಲೆ ಇಲ್ಲ. ಆದೇಶ ಅಣ್ಣನ ಹೆಸರಿಗೆ ಬಂದಿದೆ, ಆದರೆ ಗೇಣಿ ಒಟ್ಟು ಕುಟುಂಬದ್ದು ಅನ್ನುವ ಕಡೆ ತಮ್ಮಂದಿರ ಪಾಲು ಹೋಗುವುದಿಲ್ಲ. ಆದರೆ ಆ ಪಾಲನ್ನು ಭಾಗ ಮಾಡಿಕೊಡುವುದು ಮಂಡಳಿಯ ಕೆಲಸವಲ್ಲ, ಅದಕ್ಕೆ ಸಿವಿಲ್ ಕೋರ್ಟೇ. ಒಂದೇ ಸಾಮಾನಿನ ಅಂಗಡಿ ಎಂದು ಮೊದಲೇ ಹೇಳಿದೆನಲ್ಲ, ಅದು ಇದೇ.

ಬೇರೆ ಬಾಗಿಲುಗಳು

ಫಾರಂ 7ರ ಕಾಲ ಮುಗಿದರೂ ರೈತನಿಗೆ ಬೇಕಾಗುವ ಬೇರೆ ಬಾಗಿಲುಗಳಿವೆ. ಯಾವ ವ್ಯಾಜ್ಯಕ್ಕೆ ಯಾವ ಬಾಗಿಲು ಅನ್ನುವುದು ತಿಳಿದರೆ ಅರ್ಧ ಕೆಲಸ ಆದಂತೆ.

ಖಾತೆ, ಪಹಣಿ ತಕರಾರು: 1964ರ ಭೂಕಂದಾಯ ಕಾಯ್ದೆ ಪ್ರಕಾರ ಖಾತೆ ಬದಲಾವಣೆ ಆದೇಶದ ಮೇಲೆ ಎ.ಸಿ. ಮುಂದೆ ಅಪೀಲು. ಅದರ ಮೇಲೆ ಡಿ.ಸಿ. ಮುಂದೆ ಪರಿಷ್ಕರಣೆ ಅರ್ಜಿ. ಇಲ್ಲಿ ನೋಡುವುದು ದಾಖಲೆಯ ನಮೂದು ಸರಿಯೇ ಎಂದು ಮಾತ್ರ. ಜಮೀನಿನ ಮೂಲ ಹಕ್ಕು ಯಾರದು, ವಿಲ್ ನಿಜವೋ ಸುಳ್ಳೋ ಅನ್ನುವುದು ಸಿವಿಲ್ ಕೋರ್ಟಿನದು. ಇದು ತಿಳಿಯದೆ ಎ.ಸಿ. ಕೋರ್ಟಿನಲ್ಲಿ ಹತ್ತು ವರ್ಷ ತಿರುಗಿ, ಕೊನೆಗೆ 'ಸಿವಿಲ್ ಕೋರ್ಟಿಗೆ ಹೋಗಿ' ಎಂದು ಬರೆಸಿಕೊಂಡು ಬಂದವರು ನಮ್ಮ ಹೋಬಳಿಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ಪರಿಶಿಷ್ಟರ ಗ್ರಾಂಟ್ ಜಮೀನು: ಸರ್ಕಾರ ಕೊಟ್ಟ ಜಮೀನನ್ನು ಷರತ್ತು ಮೀರಿ ಬೇರೆಯವರು ಬರೆಸಿಕೊಂಡಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಎ.ಸಿ. ಅದನ್ನು ಬಿಡಿಸಿಕೊಡಬಹುದು, ಅಪೀಲು ಡಿ.ಸಿ.ಗೆ. ಬಹಳ ವರ್ಷ ಕಳೆದು ಬಂದಿರಿ ಎಂದು ಅರ್ಜಿಗಳು ಬಿದ್ದುಹೋಗುತ್ತಿದ್ದವು. ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದೆ.

ಸೊಸೈಟಿ ವ್ಯಾಜ್ಯ: ಸಹಕಾರ ಸಂಘ ಸಾಲ, ಷೇರು, ಬಾಕಿ ಎಂದು ಸದಸ್ಯನ ಮೇಲೆ ಅಥವಾ ಸದಸ್ಯ ಸಂಘದ ಮೇಲೆ ತಕರಾರು ಮಾಡಿದರೆ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ. ರಿಜಿಸ್ಟ್ರಾರ್ ಅಥವಾ ಅವರು ವಹಿಸಿದ ಅಧಿಕಾರಿ ತೀರ್ಮಾನ ಮಾಡುತ್ತಾರೆ. ಅದರ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿ. ಕೆ.ಎ.ಟಿ. ಅಂತ ಎಲ್ಲರೂ ಅನ್ನುವುದು ಇದನ್ನೇ. 1976ರ ಕಾಯ್ದೆಯಿಂದ ಆದದ್ದು, ಇರುವುದು ಬೆಂಗಳೂರಿನಲ್ಲಿ. ಕಂದಾಯದ ಕೆಲವು ಅಪೀಲುಗಳೂ ಅಲ್ಲಿಗೇ ಹೋಗುತ್ತವೆ.

ಕಳಪೆ ಬೀಜ, ಕೆಟ್ಟ ಪಂಪು: ಇದಕ್ಕೆ ಜಿಲ್ಲಾ ಗ್ರಾಹಕರ ಆಯೋಗ. ರೈತ ಗ್ರಾಹಕನಲ್ಲ, ಬೀಜದ ಕಾಯ್ದೆಗೆ ಹೋಗಲಿ ಎಂದು ಬೀಜದ ಕಂಪನಿಗಳು ವಾದಿಸಿದ್ದವು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ, ಬೀಜ ಕೊಂಡ ರೈತ ಗ್ರಾಹಕನೇ ಎಂದಿತು. ತಂದ ಬೀಜವನ್ನೆಲ್ಲ ಬಿತ್ತುವ ರೈತ ಪರೀಕ್ಷೆಗೆಂದು ಒಂದಿಷ್ಟು ಎತ್ತಿಟ್ಟಿರಬೇಕೆಂದು ಬಯಸುವುದು ಸರಿಯಲ್ಲ ಎಂದೂ ಹೇಳಿತು. ಈಗಿನ ಕಾಯ್ದೆ 2019ರದು. ಐದು ಲಕ್ಷ ರೂಪಾಯಿ ತನಕ ಕೊಟ್ಟು ಕೊಂಡದ್ದಕ್ಕೆ ಫೀಸು ಇಲ್ಲ. ವಕೀಲರು ಕಡ್ಡಾಯವಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. ಬಿಲ್ಲು, ಲಾಟ್ ನಂಬರಿನ ಚೀಟಿ ಇರುವ ಖಾಲಿ ಚೀಲ ಇಟ್ಟುಕೊಳ್ಳಿ. ಮೊಳಕೆ ಬಾರದಿದ್ದರೆ ತಕ್ಷಣ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಟ್ಟು ಹೊಲಕ್ಕೆ ಕರೆದು ಮಹಜರು ಮಾಡಿಸಿ. ಹೊಲ ಹರಗಿದ ಮೇಲೆ ಸಾಕ್ಷಿ ಇಲ್ಲ.

ಲೋಕ ಅದಾಲತ್: ಇದು ಟ್ರಿಬ್ಯೂನಲ್ ಅಲ್ಲ, ರಾಜಿಯ ಜಾಗ. 1987ರ ಕಾನೂನು ಸೇವೆಗಳ ಕಾಯ್ದೆಯಿಂದ ಬಂದದ್ದು. ಇಬ್ಬರೂ ಒಪ್ಪಿದರೆ ಮಾತ್ರ ಆದೇಶ. ಒಮ್ಮೆ ಆದರೆ ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಗಳ ಸಹಾಯವಾಣಿ 15100.

ಯಾವ ಬಾಗಿಲಿಗೆ ಹೋದರೂ

ನಾನು ಕಂಡುಕೊಂಡ ಕೆಲವು ವಿಷಯ ಹೇಳುತ್ತೇನೆ.

ಒಂದು, ಬಾಯಲ್ಲಿ ಹೇಳಿದ್ದು ಗಾಳಿಗೆ. ಅರ್ಜಿ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ದಿನಾಂಕ ಹಾಕಿಸಿಕೊಳ್ಳಿ.

ಎರಡು, ಎದುರುಪಾರ್ಟಿ ಸತ್ತಿದ್ದರೆ ಎಲ್ಲ ವಾರಸುದಾರರ ಹೆಸರು ವಿಳಾಸ ಕೊಡಿ. ಒಬ್ಬರನ್ನು ಬಿಟ್ಟರೂ ನೀವು ಗೆದ್ದ ಕೇಸು ಮತ್ತೆ ಮೊದಲಿನಿಂದ. ಹಾಗೆಯೇ ನಿಮಗೆ ಬಂದ ನೋಟೀಸನ್ನು ತಳ್ಳಬೇಡಿ. ತೆಗೆದುಕೊಳ್ಳದಿದ್ದರೆ ನೀವಿಲ್ಲದೆಯೇ ಆದೇಶ ಆಗಬಹುದು.

ಮೂರು, ಆದೇಶ ಆದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅಪೀಲಿನ ಗಡುವು ನಿಮಗಾಗಿ ಕಾಯುವುದಿಲ್ಲ. ಹೈಕೋರ್ಟಿಗೆ ರಿಟ್ ಹೋದರೆ ಅಲ್ಲಿ ಸಾಕ್ಷಿಯನ್ನು ಹೊಸದಾಗಿ ತೂಗುವುದು ಅಪರೂಪ. ನೋಟೀಸು ಸರಿಯಿತ್ತೇ, ಮಾತು ಕೇಳಿದರೇ, ಕಾರಣ ಬರೆದರೇ, ಅಧಿಕಾರ ಇತ್ತೇ ಎಂದು ನೋಡುತ್ತಾರೆ. ಹಾಗಾಗಿ ಕೆಳಗೆ ಇರುವಾಗಲೇ ನಿಮ್ಮ ಸಾಕ್ಷಿ, ದಾಖಲೆ ಪೂರಾ ಕಡತಕ್ಕೆ ಸೇರಿರಬೇಕು.

ನಾಲ್ಕು, ಮನೆಯಲ್ಲಿ ಹಿರಿಯರ ಕಾಲದ ಫಾರಂ 7ರ ಪ್ರತಿ, ಮಂಡಳಿ ಆದೇಶ, ಫಾರಂ 10, ಹಣ ಕಟ್ಟಿದ ಚಲನ್, 1974ರ ಹಿಂದುಮುಂದಿನ ಪಹಣಿ ಇವೆಯೇ ನೋಡಿ. ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಡತ ಹುಡುಕಿಸಿ ನಕಲು ತೆಗೆಸಿ. ಬೆಂಗಳೂರು ಉತ್ತರ ತಾಲ್ಲೂಕು ಒಡೆದು ಉತ್ತರ ಅಪರ ಆಯಿತು, ಆಮೇಲೆ ಯಲಹಂಕ ತಾಲ್ಲೂಕಾಯಿತು. ಹೀಗೆ ಕಚೇರಿ ಬದಲಾದಾಗಲೆಲ್ಲ ಕಡತ ಎಲ್ಲಿದೆ ಅನ್ನುವುದೇ ಒಂದು ಹುಡುಕಾಟ. ಕಾಗದಕ್ಕೆ ಗೆದ್ದಲು ಹತ್ತುವ ಮುಂಚೆ ಈ ಕೆಲಸ ಮಾಡಿ. ಇದಕ್ಕೆ ವ್ಯಾಜ್ಯ ಬರುವ ತನಕ ಕಾಯಬೇಕಿಲ್ಲ. ರಾಗಿ ಕುಯಿಲು ಮುಗಿದು ಕೈ ಬಿಡುವಾದಾಗ ಒಂದು ದಿನ ಹೋಗಿ ಅರ್ಜಿ ಹಾಕಿದರೆ ಸಾಕು.

ಊರು ಊರಿಗೂ ಮಂಡಳಿ ಒಂದೇ ರೀತಿ ನಡೆದಿಲ್ಲ. ಕೆಲವು ಕಡೆ ಬಡವನ ಮಾತು ಕೇಳಿದವು, ಕೆಲವು ಕಡೆ ಜೋರಿದ್ದವರ ಮಾತು ನಡೆಯಿತು. ಆದರೂ ಜಮೀನ್ದಾರನ ಎದುರು ಗೇಣಿದಾರ ಕುರ್ಚಿಯ ಮುಂದೆ ನಿಂತು 'ಹೊಲ ಉತ್ತವನು ನಾನು' ಎಂದು ಹೇಳಿ ಅದನ್ನು ಬರೆಸಿದ್ದು ಈ ಮಂಡಳಿಗಳ ಮುಂದೆಯೇ. ಬರೆಸಿದ್ದನ್ನು ಉಳಿಸಿಕೊಳ್ಳುವುದು ಈಗ ನಮ್ಮ ಕೆಲಸ. ನಿಮ್ಮ ತಾಲ್ಲೂಕಿನಲ್ಲಿ ಹಳೇ ಕಡತ ಹುಡುಕಿ ತೆಗೆಸಿದ ಅನುಭವ ಇದ್ದವರು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಇನ್ನೊಬ್ಬ ರೈತನಿಗೆ ದಾರಿ ಆಗುತ್ತದೆ.